ಹೊಸ್ತಿಲ ಮೇಲಿಟ್ಟ ಕೊಕ್ಕೆ

ಇದನ್ನು ಪೂರ್ತಿ ಕೇಳಿ. ಮೂಗು ಮುರಿಯುವವರು ಕೊನೆಗೆ ಮುರಿಯಿರಿ, ಬಯ್ಯುವವರು ಕೊನೆಗೆ ಬಯ್ಯಿರಿ, ಅರ್ಧಕ್ಕೆ ಮಾತ್ರ ಎದ್ದು ಹೋಗಬೇಡಿ. ಶಿಕಾರಿಪುರದ ಮಾರುಕಟ್ಟೆ ಅಂಗಳದಲ್ಲಿ ಹಾಡಹಗಲೇ ಯತೀಶನ ಅಂಗಿ ಹರಿದರು. ನೋಡಿದವರೆಲ್ಲ ಮನೆಗೆ ಹೋಗಿ ಊಟ ಮಾಡಿದರು. ನೀವು ಕೇಳುವ ಕೆಲಸವನ್ನಾದರೂ ಮಾಡಿ.

ಯತೀಶ ಹಮಾಲ. ಗೋವಿನಜೋಳದ ಚೀಲ ಹೊರುವವನು. ನೋಡಲು ಸುಲಭದ ಕೆಲಸ. ಇಬ್ಬರು ಚೀಲದ ಎರಡು ಮೂಲೆಗೆ ಕಬ್ಬಿಣದ ಕೊಕ್ಕೆ ಹಾಕಿ ಎತ್ತುತ್ತಾರೆ, ಮೂರನೆಯವನು ಬಗ್ಗಿ ಬೆನ್ನು ಕೊಡುತ್ತಾನೆ. ಅಷ್ಟೇ. ಆದರೆ ಬೆನ್ನು ಕೊಟ್ಟವನಿಗೆ ಗೊತ್ತು. ಕತ್ತಿನ ನರ ಹುರಿಯಾಗುತ್ತದೆ. ಮೊಣಕಾಲು ನಡುಗುತ್ತದೆ. ಜೋಳದ ದೂಳು ಗಂಟಲಿಗೆ ಇಳಿದರೆ ಎಷ್ಟು ಉಗುಳಿದರೂ ಹೋಗುವುದಿಲ್ಲ. ಗೋಣಿಯ ನಾರು ಉಜ್ಜಿ ಉಜ್ಜಿ ಕುತ್ತಿಗೆಯ ಹಿಂದೆ ಎತ್ತಿನ ಹೆಗಲಿನಂಥ ದಡ್ಡು ಕಟ್ಟುತ್ತದೆ. ಸೆಕೆಗೆ ಎಲ್ಲರೂ ಅಂಗಿ ಬಿಚ್ಚಿ ಹೊರುತ್ತಾರೆ. ಯತೀಶ ಬಿಚ್ಚುತ್ತಿರಲಿಲ್ಲ. ಅಂಗಿಯ ಕೆಳಗೆ ಎದೆಗೆ ಅಜ್ಜಿಯ ಹಳೇ ಸೀರೆಯ ಪಟ್ಟಿ ಬಿಗಿದಿರುತ್ತಿದ್ದ. ಚೀಲ ಬೆನ್ನಿಗೆ ಬಿದ್ದಾಗ ಪಟ್ಟಿ ಪಕ್ಕೆಲುಬಿಗೆ ಕಚ್ಚುತ್ತಿತ್ತು, ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಬೆಳಿಗ್ಗೆಯಿಂದ ನೀರು ಕುಡಿಯುತ್ತಿರಲಿಲ್ಲ. ಗಂಡಸರು ಗೋಡೆಗೆ ಮುಖ ಮಾಡಿ ನಿಲ್ಲುವ ಕಡೆ ಅವನು ನಿಲ್ಲುವಂತಿರಲಿಲ್ಲ, ಅದಕ್ಕೆ. ಇಷ್ಟೆಲ್ಲ ಬಿಗಿದುಕೊಂಡೂ ಅವನು ಯಾರಿಗೂ ಕಮ್ಮಿಯಿಲ್ಲದಂತೆ ಹೊತ್ತ.

ಹುಟ್ಟಿದ್ದು ಸೊರಬ ತಾಲೂಕಿನಲ್ಲಿ, ಚಂದ್ರಗುತ್ತಿ ಗುಡ್ಡದ ಬುಡದ ಒಂದು ಹಳ್ಳಿಯ ಕುರಿ ಸಾಕುವ ಮನೆಯಲ್ಲಿ. ಅಪ್ಪ ಬಂಗಾರಪ್ಪ ಇಟ್ಟ ಹೆಸರು ಸಂಗೀತ. ಆ ಹೆಸರು ಹಿಡಿದು ಯಾರಾದರೂ ಕರೆದರೆ ತನ್ನ ಹಿಂದೆ ಇನ್ಯಾರೋ ನಿಂತಿದ್ದಾರೆ ಅನ್ನಿಸುತ್ತಿತ್ತು ಅವನಿಗೆ. ಎರಡು ಸಾವಿರದ ಹದಿನಾಲ್ಕರಲ್ಲಿ, ಇನ್ನೂ ಹೈಸ್ಕೂಲಿನಲ್ಲಿದ್ದಾಗ, ಮಂಡಕ್ಕಿ ಕಟ್ಟಿಕೊಟ್ಟ ಪೇಪರಿನ ತುಂಡಿನಲ್ಲಿ ಒಂದು ಸುದ್ದಿ ಓದಿದ. ಗಂಡೋ, ಹೆಣ್ಣೋ, ಎರಡೂ ಅಲ್ಲದವರೋ, ಅದನ್ನು ಹೇಳುವ ಹಕ್ಕು ಅವರವರದೇ ಎಂದು ಸುಪ್ರೀಂ ಕೋರ್ಟು ಹೇಳಿತ್ತು. ಮಂಡಕ್ಕಿ ಚೆಲ್ಲಿ ಪೇಪರು ಇಟ್ಟುಕೊಂಡ. ನಾಲ್ಕು ವರ್ಷದ ಮೇಲೆ ಸೊರಬದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಟಿವಿ ನೋಡುತ್ತಾ ನಿಂತಿದ್ದ. ಅದೇ ಕೋರ್ಟು ಮುನ್ನೂರ ಎಪ್ಪತ್ತೇಳನೇ ಸೆಕ್ಷನ್ನಿನ ಹಲ್ಲು ಕಿತ್ತಿತ್ತು. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಕೂಡಿದರೆ ಇನ್ನು ಅಪರಾಧವಲ್ಲ. ಹೋಟೆಲಿನಲ್ಲಿ ಕೂತವರು ಕಿಸಕ್ಕೆಂದು ನಕ್ಕು ದೋಸೆ ಮುರಿದರು. ಯತೀಶ ನಗಲಿಲ್ಲ. ಮನೆಗೆ ಹೋಗಿ ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ತಗೊಂಡು ಜಡೆ ಕತ್ತರಿಸಿದ.

ಬಂಗಾರಪ್ಪ ಜಡೆಯನ್ನು ತಿಪ್ಪೆಗೆ ಎಸೆದು, ಮಗಳು ಸತ್ತಳು ಎಂದು ತಲೆಗೆ ನೀರು ಹಾಕಿಕೊಂಡ. ಅಜ್ಜಿ ಗುತ್ಯಮ್ಮ ಮಾತ್ರ ಕಂಬಳಿ ಮಡಿಸಿ ಹೆಗಲಿಗೆ ಹಾಕಿಕೊಂಡು ಮೊಮ್ಮಗನ ಹಿಂದೆ ಬಸ್ಸು ಹತ್ತಿದಳು.

ಶಿಕಾರಿಪುರದಲ್ಲಿ ಹಮಾಲರ ಮೇಸ್ತ್ರಿ ಹುಚ್ಚರಾಯಪ್ಪ ಅವನನ್ನು ಏನೂ ಕೇಳಲಿಲ್ಲ. ಚೀಲ ಹೊರಿಸಿ ನೋಡಿದ, ಕೊಕ್ಕೆ ಕೊಟ್ಟ. ಯಾರೋ ಹುಡುಗನಿಗೆ ಮೀಸೆಯೇ ಬಂದಿಲ್ಲವಲ್ಲ ಎಂದಾಗ, "ನಿಂಗ ಮೀಸಿ ಬಂದೈತಿ, ಚೀಲ ಬರವಲ್ದು," ಎಂದ. ಎಲ್ಲರೂ ನಕ್ಕರು. ಅಲ್ಲಿಗೆ ಮುಗಿಯಿತು. ಯತೀಶನಿಗೆ ಜೋಡಿಯಾಗಿ ಸಿಕ್ಕವನು ಪರಶುರಾಮ. ಜೋಡಿ ಅಂದರೆ ಚೀಲದ ಇನ್ನೊಂದು ಮೂಲೆ ಹಿಡಿಯುವವನು. ಒಂದೇ ತಟ್ಟೆಯ ಮಿರ್ಚಿ, ಒಂದೇ ಲೋಟದ ಚಹಾ. ಎಷ್ಟೋ ವರ್ಷ ಹೀಗೇ ನಡೆಯಿತು.

ಇನ್ನು ರೇಣುಕಾಪ್ರಸಾದ್. ಜೋಳದ ಮಂಡಿಯ ಸಾಹುಕಾರ. ಅಪ್ಪ ಸದಾಶಿವಪ್ಪ ಕಟ್ಟಿದ ಮಂಡಿಯಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತವನು. ಆ ಸಲದ ಸುಗ್ಗಿಯಲ್ಲಿ ಅವನ ಗೋಡೌನಿನ ಒಳಗೆ ಚೀಲದ ಅಟ್ಟಿ ಸೂರು ಮುಟ್ಟಿತ್ತು. ಇನ್ನೊಂದು ವರಸೆ ಏರಿಸಿ ಎಂದ. ಯತೀಶ ತಲೆ ಎತ್ತಿ ನೋಡಿದ.

"ಅಟ್ಟಿ ವಾಲಿದೆ ಸಾವ್ಕಾರ್ರೆ. ನಾನು ಹತ್ತಲ್ಲ."

ಅವನು ಹತ್ತಲಿಲ್ಲ. ಅವನನ್ನು ನೋಡಿ ಉಳಿದವರೂ ಹತ್ತಲಿಲ್ಲ. ರೇಣುಕಾಪ್ರಸಾದ್ ಅದನ್ನು ನುಂಗಲಿಲ್ಲ, ದವಡೆಯಲ್ಲಿ ಇಟ್ಟುಕೊಂಡ.

ಕೆಲವೇ ದಿನದಲ್ಲಿ ಚಂದ್ರಗುತ್ತಿ ಕಡೆಯ ಒಬ್ಬ ಟ್ರ್ಯಾಕ್ಟರಿನಲ್ಲಿ ಜೋಳ ತಂದ. ಚೀಲ ಇಳಿಸುತ್ತಿದ್ದ ಯತೀಶನನ್ನು ಕಣ್ಣು ಕಿರಿದು ಮಾಡಿ ನೋಡಿದ.

"ಇದು ನಮ್ಮೂರ ಬಂಗಾರಪ್ಪನ ಮಗಳಲ್ದಾ? ಸಂಗೀತ ಅಲ್ದನೇ ನೀನು?"

ಅಂಗಳ ನಿಂತುಬಿಟ್ಟಿತು. ರೇಣುಕಾಪ್ರಸಾದ್ ಗದ್ದಿಗೆಯಿಂದ ಇಳಿದು ಬಂದ. ಮುಖದ ತುಂಬ ನಗು.

"ಓಹೋ. ಅಟ್ಟಿ ಹತ್ತಾಕ ಯಾಕ ಹೆದರಿದ್ದು ಅಂತ ಈಗ ತಿಳೀತು ನೋಡ್ರಿ. ಗಂಡೋ ಹೆಣ್ಣೋ ನೋಡೇಬಿಡಾಣ. ಏ ಪರಶ್ಯಾ, ಹಿಡಿ ಅದನ್ನ."

ಪರಶುರಾಮ ತಮಾಷೆ ಎಂದುಕೊಂಡ. ನಗುತ್ತಲೇ ಹಿಂದಿನಿಂದ ಯತೀಶನ ಎರಡೂ ತೋಳು ಹಿಡಿದ. ಚೀಲ ಎತ್ತಿ ಪಳಗಿದ ಕೈ, ಬಿಡಿಸಿಕೊಳ್ಳಲು ಆಗಲಿಲ್ಲ. ರೇಣುಕಾಪ್ರಸಾದ್ ಯತೀಶನ ಕೈಯಿಂದ ಅವನದೇ ಕೊಕ್ಕೆ ಕಿತ್ತುಕೊಂಡ. ಅಂಗಿಯ ಕಾಲರಿಗೆ ಸಿಕ್ಕಿಸಿ ಕೆಳಕ್ಕೆಳೆದ. ಗುಂಡಿ ಹಾರಿದವು. ಕೊಕ್ಕೆಯ ಮೊನೆ ಪಟ್ಟಿಯ ಜೊತೆಗೆ ಪಕ್ಕೆಯ ಚರ್ಮವನ್ನೂ ಸೀಳಿತು. ಅಜ್ಜಿಯ ಸೀರೆಯ ತುಂಡು ನೆಲಕ್ಕೆ ಬಿತ್ತು.

ಫೋನುಗಳು ಮೇಲೆದ್ದವು.

ಪರಶುರಾಮನ ನಗು ಆಗ ನಿಂತಿತು. ಕೈ ಬಿಟ್ಟ. ಹುಚ್ಚರಾಯಪ್ಪ ಕಟ್ಟೆಯ ಮೇಲೆ ಕೂತವನು ಏಳಲಿಲ್ಲ, ಬೀಡಿ ನೋಡುತ್ತಾ ಕೂತ. ಯತೀಶ ಕೆಳಗೆ ಬಿದ್ದಿದ್ದ ಖಾಲಿ ಗೋಣಿಚೀಲ ಎತ್ತಿಕೊಂಡು ಎದೆಗೆ ಸುತ್ತಿದ. ಹರಿದ ಚರ್ಮದ ಮೇಲೆ ಗೋಣಿಯ ನಾರು. ಹಾಗೇ ಮಾರುಕಟ್ಟೆ ದಾಟಿ, ಪೇಟೆ ದಾಟಿ, ಬಾಡಿಗೆ ಕೋಣೆಗೆ ನಡೆದ. ಓಡಲಿಲ್ಲ. ಹಿಂದೆ ಶಿಳ್ಳೆ ಬರುತ್ತಿತ್ತು.

ಅಜ್ಜಿ ಅಳಲಿಲ್ಲ. ಗಾಯಕ್ಕೆ ಅರಿಸಿನ ಒತ್ತಿ, ಕಂಬಳಿ ಹೊದಿಸಿ, "ಏಳು, ಸ್ಟೇಷನ್ನಿಗೆ ಹೋಗನ," ಎಂದಳು.

ಠಾಣೆಯಲ್ಲಿ ದೂರು ಬರೆದುಕೊಳ್ಳುವ ಸಾಹೇಬರು ಕೆಟ್ಟವರಲ್ಲ. ನೀರು ಕೊಡಿಸಿದರು, ಕೂರಿಸಿದರು. ನೋಡಪ್ಪಾ ಎಂದರು, ಆಮೇಲೆ ನೋಡಮ್ಮಾ ಎಂದರು, ಕೊನೆಗೆ ಎರಡನ್ನೂ ಬಿಟ್ಟರು. ಗುತ್ಯಮ್ಮ ಮೇಜಿನ ಮುಂದೆ ನಿಂತೇ ಇದ್ದಳು.

"ನಮ್ಮವ್ವ ಬೇವಿನ ಸೊಪ್ಪು ಉಟ್ಕಂಡು ವರದಾ ಹೊಳೆಯಿಂದ ಗುಡ್ಡಕ್ಕೆ ಓಡಿದ್ಲು ಸಾಮಿ. ಗುಡ್ಡದ ಗುತ್ಯಮ್ಮ ದೇವಿಗೆ ಹರಕೆ, ನಂಗೂ ಆ ತಾಯಿದೇ ಹೆಸ್ರು. ಆಮೇಲೆ ನಿಮ್ಮ ಸರ್ಕಾರ ಬಂತು. ಬೆತ್ತಲೆ ಸೇವೆ ಕೂಡದು ಅಂತ ನಿಲ್ಲಿಸ್ತು. ಒಳ್ಳೇದಾತು. ದೇವಿ ಮುಂದೇನೇ ಬೆತ್ತಲೆ ನಿಲ್ಲಬಾರ್ದು ಅಂದ್ರೆ, ಜೋಳದ ಸಾವ್ಕಾರನ ಮುಂದೆ ನಿಲ್ಲಿಸಬೌದಾ?"

"ಕೂತ್ಕೊಳ್ಳಜ್ಜಿ. ನಾನೂ ಮನುಷ್ಯನೇ ಅದೀನಿ." ಸಾಹೇಬರು ಪೆನ್ನು ಕೆಳಗಿಟ್ಟರು. "ಕಾನೂನು ಹೇಳ್ತೀನಿ, ಇಬ್ರೂ ಕೇಳ್ರಿ. ಹೆಂಗಸಿನ ಬಟ್ಟೆ ಬಿಚ್ಚಿದ ಅಂತಾದ್ರ ಕಮ್ಮಿ ಅಂದ್ರೂ ಮೂರು ವರ್ಷ. ಏಳರ ತನಕ ಐತಿ. ಇವತ್ತೇ ಎತ್ತಾಕ್ಕೊಂಡು ಬಂದು ಒಳಗ ಕೂರಿಸ್ತೀನಿ. ಇನ್ನೊಂದೈತಿ, ನಿಮ್ಮಂಥವ್ರಿಗೆ ಅಂತ ಎರಡು ಸಾವಿರದ ಹತ್ತೊಂಬತ್ತರಾಗ ಮಾಡಿದ್ದು. ಅದರಾಗ ಆರು ತಿಂಗಳಿಂದ ಸುರು, ಹೆಚ್ಚಂದ್ರ ಎರಡು ವರ್ಷ. ಸಂಜಿಗೆ ಮನೀಗ್ ಹೋಗ್ತಾನ."

"ಕೆಲಸ ಒಂದೇ ಅಲ್ವಾ ಸಾರ್? ಅಂಗಿ ಹರಿದಿದ್ದು?"

"ಒಂದೇ."

"ಮತ್ತೆ ನನ್ನ ಮೈಗೆ ಮಾತ್ರ ಯಾಕೆ ಕಮ್ಮಿ?"

"ನಾ ಬರೆದಿದ್ದಲ್ಲಪ್ಪಾ ಅದು. ಪಾರ್ಲಿಮೆಂಟಿನೋರು ಬರೆದಿದ್ದು. ಅದಕ್ಕ ಹೇಳಾಕ ಹತ್ತೀನಿ. ಸಂಗೀತ ಅಂತ ಬರಿ. ಹೆಂಗಸು ಅಂತ ಬರಿ. ಒಂದು ಸಹಿ. ಅವನ ಬದುಕು ಮುಗೀತೈತಿ."

ಗುತ್ಯಮ್ಮ ಮೊಮ್ಮಗನ ಹೆಗಲು ಹಿಡಿದಳು. "ಬರಿಯಾ ಮಗಾ. ಒಂದ್ಸಲ ಬರಿ. ಹೆಸ್ರಲ್ಲಿ ಎಂತ ಐತೆ? ಏಳು ವರ್ಷ ಒಳಗೆ ಕೊಳೀಲಿ ಅವ."

ಯತೀಶನಿಗೆ ಆ ಏಳು ವರ್ಷ ಬೇಕಿತ್ತು. ಸುಳ್ಳು ಹೇಳುವುದಿಲ್ಲ, ಬಾಯಲ್ಲಿ ನೀರೂರುವಷ್ಟು ಬೇಕಿತ್ತು. ರೇಣುಕಾಪ್ರಸಾದ್ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿರುವುದು, ಬಟ್ಟೆ ಬಿಚ್ಚಿಸಿ ಅವನ ಮೈ ತಡಕುವುದು, ಎಲ್ಲ ಕಣ್ಣಿಗೆ ಕಟ್ಟಿತು. ಪೆನ್ನು ಎತ್ತಿಕೊಂಡ. ಪೆನ್ನಿನ ತುದಿ ಕಾಗದ ಮುಟ್ಟಿತು.

ಆಮೇಲೆ ಕೆಳಗಿಟ್ಟ.

"ಅವ್ನು ಅಂಗಿ ಹರಿದು ಹೇಳಿದ ಮಾತನ್ನೇ ನಾನು ಸಹಿ ಹಾಕಿ ಹೇಳ್ಬೇಕಾ ಸಾರ್? ಬರ್ಕೊಳ್ಳಿ. ಯತೀಶ. ಹಮಾಲ. ಎರಡು ವರ್ಷದ್ದೇ ಹಾಕಿ."

ಸಾಹೇಬರು ಹೇಳಿದ್ದು ಸುಳ್ಳಾಗಲಿಲ್ಲ. ರೇಣುಕಾಪ್ರಸಾದ್ ಠಾಣೆಗೆ ಹೋದ, ಬಂದ. ಸಂಜೆಗೆ ಅದೇ ಬಿಳಿ ಅಂಗಿಯಲ್ಲಿ ಬಸ್‌ಸ್ಟ್ಯಾಂಡಿನ ಮುಂದೆ ನಿಂತು ಚಹಾ ಕುಡಿದ.

ಅದೇ ಸಂಜೆ ಹುಚ್ಚರಾಯಪ್ಪ ಯತೀಶನ ಕೋಣೆಗೆ ಬಂದ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತ.

"ಕೇಸು ಹಿಂದ ತಗೋ ಅಂತಾರ ಸಾವ್ಕಾರ್ರು. ಹುಚ್ಚರಾಯಸ್ವಾಮಿ ಗುಡಿಗೆ ತಪ್ಪುಕಾಣಿಕಿ ಹಾಕ್ತಾರಂತ."

"ದೇವ್ರಿಗೆ ಏನು ಮಾಡಿದ್ರಂತೆ ಅವ್ರು? ಹರಿದಿದ್ದು ನನ್ನ ಅಂಗಿ."

"ಚೀಲ ಹೊರೋದು ಇನ್ನು ಬ್ಯಾಡಂತ. ವರದಮ್ಮನ ಜೋಡಿ ಕಾಳು ಗುಡಿಸಾಕ ಬರಲಿ ಅಂದಾರ. ಹೆಂಗಸರ ಸಾಲಿಗೆ."

"ನೀವೇನಂದ್ರಿ?"

ಮೇಸ್ತ್ರಿ ನಡುವಿಗೆ ಸುತ್ತಿದ್ದ ಟವೆಲಿನಿಂದ ಕೊಕ್ಕೆ ತೆಗೆದು ಹೊಸ್ತಿಲಿನ ಒಳಗಿಟ್ಟ. ಯತೀಶನ ಕೊಕ್ಕೆ. ತಿರುಗಿ ನೋಡದೆ ಹೋದ.

ಇಲ್ಲೊಂದು ವಿಷಯ ಹೇಳಿಬಿಡಬೇಕು. ಈ ಹಮಾಲರಲ್ಲಿ ಒಂದು ಕಟ್ಟುಪಾಡಿದೆ. ಯಾವ ಮಂಡಿಯಲ್ಲಿ ಹಮಾಲನಿಗೆ ಅನ್ಯಾಯವಾಯಿತೋ, ಆ ಮಂಡಿಯ ಹೊಸ್ತಿಲ ಮೇಲೆ ಅವನ ಕೊಕ್ಕೆ ಇಟ್ಟರೆ ಮುಗಿಯಿತು. ಅದನ್ನು ದಾಟಿ ಯಾವ ಹಮಾಲನೂ ಚೀಲ ಒಯ್ಯುವಂತಿಲ್ಲ. ಇಟ್ಟವರೇ ಎತ್ತಬೇಕು. ಬೇರೆ ಯಾರಾದರೂ ಎತ್ತಿದರೆ, ಎತ್ತಿದವರೇ ಚೀಲ ಹೊರಬೇಕು. ಇದು ಶುರುವಾಗಿದ್ದು ಹೂವಪ್ಪ ಎನ್ನುವ ಹಮಾಲ ಇದೇ ಮಂಡಿಯಲ್ಲಿ ವಾಲಿದ ಅಟ್ಟಿಯ ಕೆಳಗೆ ಸಿಕ್ಕಿ ಸತ್ತಾಗ. ಅವನ ಕೊಕ್ಕೆ ಇಟ್ಟವಳು ಹೆಂಡತಿ ವರದಮ್ಮ. ಆಗ ಸದಾಶಿವಪ್ಪ ಬದುಕಿದ್ದರು. ಬರಿಗಾಲಲ್ಲಿ ಹೊರಗೆ ಬಂದು, ಆಕೆ ತಾನಾಗಿ ಎತ್ತುವ ತನಕ ಬಿಸಿಲಲ್ಲಿ ಕೈಕಟ್ಟಿ ನಿಂತಿದ್ದರು. ಆಮೇಲೆ ಯಾರೂ ಇಡುವ ಹೊತ್ತು ಬಂದಿರಲಿಲ್ಲ. ಮಗನಿಗೆ ಅದೆಲ್ಲ ಮುದುಕರ ಕಥೆ.

ಮರುದಿನ ಯತೀಶ ಹೊಸ ಅಂಗಿ ತೊಟ್ಟು ಮಾರುಕಟ್ಟೆಗೆ ಹೋದ. ಹಿಂದೆ ಅಜ್ಜಿ. ರೇಣುಕಾಪ್ರಸಾದನ ಗೋಡೌನಿನ ಹೊಸ್ತಿಲ ಮೇಲೆ ಕೊಕ್ಕೆ ಇಟ್ಟು, ಎದುರಿನ ಕಟ್ಟೆಯ ಮೇಲೆ ಕೂತ.

ಅಂಗಳದ ತುಂಬ ರೇಣುಕಾಪ್ರಸಾದ್ ಕೊಂಡ ಜೋಳದ ಚೀಲ. ರೈತರ ಲೆಕ್ಕವೆಲ್ಲ ಮುಗಿದಿತ್ತು, ನೆನೆದರೆ ಅವನದೇ ನೆನೆಯಬೇಕು. ಆಕಾಶ ಬೆಳಿಗ್ಗೆಯಿಂದಲೇ ಕಪ್ಪಗೆ ಇಳಿದಿತ್ತು.

"ಒಳಗ ಹಾಕ್ರಲೇ, ಮಳಿ ಬರ್ತೈತಿ," ಎಂದು ರೇಣುಕಾಪ್ರಸಾದ್ ಕೂಗಿದ. ಹಮಾಲರು ಕೊಕ್ಕೆ ನೋಡಿದರು, ಮೇಸ್ತ್ರಿಯನ್ನು ನೋಡಿದರು. ಯಾರೂ ಕದಲಲಿಲ್ಲ.

"ಏನಿದು ಆಟ? ಕೊಕ್ಕಿ ಇಡೋದು ಹಮಾಲರ ಹಕ್ಕು. ಹಮಾಲರು ಅಂದ್ರ ಗಂಡಸರು. ಇದು ಯಾವ ಜಾತಿ ಗಂಡಸು, ನಿನ್ನೆ ನೋಡಿದ್ರಲ್ಲಾ?"

ಒಂದಿಬ್ಬರು ನಕ್ಕರು. ಮೂಲೆಯಲ್ಲಿ ಉದುರಿದ ಕಾಳು ಗುಡಿಸುತ್ತಿದ್ದ ವರದಮ್ಮ ಪೊರಕೆ ನಿಲ್ಲಿಸಿದಳು.

"ನಾ ಯಾವಾಗ ಮೀಸಿ ಬಿಟ್ಟಿದ್ದೆ ಸಾವ್ಕಾರ್ರೆ? ಇದೇ ಹೊಸ್ತಿಲ ಮ್ಯಾಲ ನಾ ಇಟ್ಟಿಲ್ಲೇನು? ನಿಮ್ಮಪ್ಪಾರು ಕೊಕ್ಕಿ ಯಾರ್ದು ಅಂತ ಕೇಳಿದ್ರು. ಹೂವಪ್ಪಂದು ಅಂದೆ. ಇಟ್ಟಾಕಿ ಸೀರಿ ನೋಡ್ಲಿಲ್ಲ. ಈ ಕೊಕ್ಕಿ ಯಾರ್ದು? ಯತೀಶಂದು. ಹೊತ್ತವ ಯಾರು? ಯತೀಶ. ಮತ್ತೇನು ನೋಡಬೇಕು ನಿಮಗ?"

"ಬಾಯಿ ಮುಚ್ಚೇ. ಏ ಪರಶ್ಯಾ. ನೀ ದಾಟಲೇ ಮೊದಲು."

ಪರಶುರಾಮ ಚೀಲ ಹೊತ್ತು ಬಂದ. ಹೊಸ್ತಿಲ ಮುಂದೆ ಒಂದು ಕಾಲು ಎತ್ತಿದ. ಕೆಳಗೆ ನೋಡಿದ. ಕೊಕ್ಕೆಯ ಮೊನೆಗೆ ಇನ್ನೂ ನಿನ್ನೆ ಹರಿದ ನೀಲಿ ಅಂಗಿಯ ಎಳೆ ಸಿಕ್ಕಿಕೊಂಡಿತ್ತು. ಎತ್ತಿದ ಕಾಲು ಹಿಂದಕ್ಕೆ ಇಟ್ಟ. ಚೀಲವನ್ನು ಅಲ್ಲೇ ಕೆಡವಿ ಯತೀಶನ ಪಕ್ಕ ಕೂರಲು ಬಂದ.

"ಇಲ್ಲಿ ಬೇಡ," ಎಂದ ಯತೀಶ. "ಅಲ್ಲಿ ಕೂತ್ಕೊ."

"ಯತೀ, ನಾ ತಮಾಷಿ ಅಂತ..."

"ಗೊತ್ತು. ಅಲ್ಲಿ ಕೂತ್ಕೊ."

ಪರಶುರಾಮ ದೂರ ಹೋಗಿ ನೆಲದ ಮೇಲೆ ಕೂತ. ಅವನ ಹಿಂದೆ ಒಬ್ಬೊಬ್ಬರೇ ಕೂತರು. ಕೊನೆಗೆ ಹುಚ್ಚರಾಯಪ್ಪನೂ ಕೂತ.

ಮಳೆ ಬಂತು. ಮೊದಲು ದಪ್ಪ ಹನಿ, ಆಮೇಲೆ ಸುರಿಮಳೆ. ತಾಡಪಾಲು ಎಳೆದರು. ಅಂಗಳದ ನೀರು ಕೆಳಗಿನಿಂದ ನುಗ್ಗಿತು. ಚೀಲದ ತಳ ಕಪ್ಪಾಗುತ್ತಾ ಬಂತು. ಗುಮಾಸ್ತ ಸಿದ್ಧಲಿಂಗೇಶ ಪಾಪ ಒಂದು ಚೀಲ ತಬ್ಬಿ ಎಳೆದು ಕೆಸರಲ್ಲಿ ಜಾರಿ ಬಿದ್ದ. ಯತೀಶ ಎಲ್ಲವನ್ನೂ ನೋಡುತ್ತಾ ಕೂತ. ಒಂದೊಂದು ಚೀಲ ನೆನೆದಾಗಲೂ ಪಕ್ಕೆಯ ಗಾಯ ತಣ್ಣಗಾದಂತೆ ಅನ್ನಿಸಿತು ಅವನಿಗೆ. ನಾಚಿಕೆ ಆಗಲಿಲ್ಲ.

ರೇಣುಕಾಪ್ರಸಾದ್ ತಡೆಯಲಾರದೆ ಹೊಸ್ತಿಲಿಗೆ ಬಂದ.

"ಅಣ್ಣಾರ, ಮುಟ್ಟಬ್ಯಾಡ್ರಿ, ಅಪ್ಪಾರು ಇದ್ದಿದ್ರ..." ಎಂದು ಕೆಸರಿನಿಂದಲೇ ಸಿದ್ಧಲಿಂಗೇಶ ಕೂಗಿದ.

ರೇಣುಕಾಪ್ರಸಾದ್ ಕೊಕ್ಕೆ ಎತ್ತಿ ಅಂಗಳದ ನಡುವಿಗೆ ಬೀಸಿ ಒಗೆದ.

ಹುಚ್ಚರಾಯಪ್ಪ ಎದ್ದು ನಿಂತ. ಹಿಂದೆ ಎಲ್ಲರೂ ಎದ್ದರು.

"ಎತ್ತಿದ್ರಿ ಸಾವ್ಕಾರ್ರೆ. ಎತ್ತಿದವರು ಹೊರಬೇಕು."

"ಹುಚ್ಚೇನಲೇ ನಿಂಗ?"

"ಹಂಗಂತ ಹೆಸರೇ ಇಟ್ಟಾರ. ಒಂದು ಚೀಲ ಹೊರ್ರಿ, ಉಳಿದದ್ದೆಲ್ಲಾ ನಾವು ಒಳಗ ಹಾಕ್ತೀವಿ. ಇಲ್ಲಾಂದ್ರ ಇವತ್ತಲ್ಲ, ನಾಳೆಯಲ್ಲ, ಈ ಮಂಡಿಗೆ ಒಬ್ಬ ಹಮಾಲ ಕೈ ಹಚ್ಚಲ್ಲ."

ರೇಣುಕಾಪ್ರಸಾದ್ ಸುತ್ತ ನೋಡಿದ. ಪಕ್ಕದ ಮಂಡಿಯವರು ಬಾಗಿಲಲ್ಲಿ ನಿಂತಿದ್ದರು, ಯಾರೂ ಅವನ ಕಡೆ ಬರಲಿಲ್ಲ. ಜೋಳ ನೆನೆಯುತ್ತಿತ್ತು. ಮಳೆಗಿಳಿದ. "ಒಂದೇ," ಎಂದ.

ಯತೀಶ ಕಟ್ಟೆಯಿಂದ ಎದ್ದ. ಕೆಸರಿನಿಂದ ಕೊಕ್ಕೆ ಎತ್ತಿಕೊಂಡು ಚೀಲದ ಮೂಲೆಗೆ ಹಾಕಿದ. ಇನ್ನೊಂದು ಮೂಲೆಗೆ ಹುಚ್ಚರಾಯಪ್ಪ ಬಂದ. ರೇಣುಕಾಪ್ರಸಾದ್ ಬೆನ್ನು ಬಗ್ಗಿಸಿದ.

ಯತೀಶ ಚೀಲ ಎತ್ತಲಿಲ್ಲ.

"ಅಂಗಿ ಬಿಚ್ಚಿ."

"ಯಾಕ?"

"ಅಂಗಿ ತೊಟ್ಟು ಹೊತ್ರೆ ಚೀಲ ಜಾರುತ್ತೆ. ಇವ್ರೆಲ್ಲ ಬಿಚ್ಚಿ ಹೊರೋದು ನೋಡಿಲ್ವಾ?"

ಅದು ಸುಳ್ಳು. ಇಷ್ಟು ವರ್ಷ ಅಂಗಿ ತೊಟ್ಟೇ ಹೊತ್ತವನು ಅಲ್ಲಿ ಯತೀಶನೊಬ್ಬನೇ. ಒಂದು ಚೀಲವೂ ಜಾರಿರಲಿಲ್ಲ. ಅದು ಹುಚ್ಚರಾಯಪ್ಪನಿಗೂ ಗೊತ್ತಿತ್ತು, ಪರಶುರಾಮನಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ.

ಫೋನುಗಳು ಮತ್ತೆ ಮೇಲೆದ್ದವು. ರೇಣುಕಾಪ್ರಸಾದನ ಕೈ ಕಾಲರಿಗೆ ಹೋಯಿತು. ಒಂದು ಗುಂಡಿ ಬಿಚ್ಚಿತು. ಒದ್ದೆ ಅಂಗಿಯಲ್ಲಿ ಎರಡನೆಯದು ಬರಲಿಲ್ಲ. ಅವನು ಬಗ್ಗಿದಲ್ಲಿಂದಲೇ ತಲೆ ತಿರುಗಿಸಿದ. ದನಿ ಸಣ್ಣಗಾಗಿತ್ತು.

"ಯತೀಶ," ಎಂದ. ಆ ಬಾಯಿಂದ ಆ ಹೆಸರು ಬಂದಿದ್ದು ಅದೇ ಮೊದಲು. "ಯತೀಶಪ್ಪಾ. ಜನ ನೋಡಾಕ ಹತ್ತ್ಯಾರ. ಸಾಕು ಅನ್ನೋ."

ಮಳೆ ಸುರಿಯುತ್ತಿತ್ತು. ಗುತ್ಯಮ್ಮ ಕಟ್ಟೆಯ ಮೇಲೆ ಒಂದು ಖಾಲಿ ಗೋಣಿಚೀಲ ಹಿಡಿದು ನಿಂತಿದ್ದಳು. ಅದನ್ನು ಸಾಹುಕಾರನಿಗೆ ಹೊದಿಸಲು ತಂದಳೋ, ಕೊಡದೇ ಇರಲು ತಂದಳೋ ಅವಳಿಗೇ ಗೊತ್ತು. ಮೊಮ್ಮಗನ ಮುಖ ನೋಡುತ್ತಿದ್ದಳು. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಠಾಣೆಯಲ್ಲಿ ಕೇಳಿದ್ದು ಆ ಒಂದು ಹೆಸರು, ಅದು ಈಗ ಸಿಕ್ಕಿತ್ತು. ಒಂದು ಮಾತು ಅಂದರೆ ಸಾಕಿತ್ತು.

ಯತೀಶ ಅನ್ನಲಿಲ್ಲ. ಚೀಲದಿಂದ ಕೊಕ್ಕೆ ಬಿಡಿಸಿ ಅದರ ಮೊನೆಯಿಂದ ಎರಡನೆಯ ಗುಂಡಿ ತೋರಿಸಿದ.

ಹೇಳಿ, ಆ ಕೊಕ್ಕೆ ನಿಮ್ಮ ಕೈಯಲ್ಲಿದ್ದಿದ್ದರೆ ನೀವು ಸಾಕು ಅನ್ನುತ್ತಿದ್ದಿರಾ?